ಕ್ಯಾನು ಅರ್ಧ ತುಂಬಿತ್ತು, ಸ್ಟೌ ಆರಿತ್ತು: ಖಿರೇಶ್ವರದ ಒಂದು ಬೆಳಗು

ಬೆಳಗಿನ ಆರೂವರೆ. ಕಾರಿನ ಡಿಸ್‌ಪ್ಲೇ 7 ಡಿಗ್ರಿ ತೋರಿಸುತ್ತಿತ್ತು. ಒಂದು ಲೀಟರ್ ನೀರು ಸ್ಟೌ ಮೇಲೆ ಕೂತು ಹದಿನಾಲ್ಕು ನಿಮಿಷ ಆಗಿತ್ತು. ಬೋಗುಣಿಯ ತಳದಲ್ಲಿ ನಾಲ್ಕು ಗುಳ್ಳೆ ಎದ್ದಿದ್ದು ಬಿಟ್ಟರೆ ಬೇರೇನೂ ಇಲ್ಲ. ಹಿಂದಿನ ಸಂಜೆ ಭುಸುಗುಡುತ್ತ ಉರಿದಿದ್ದ ಅದೇ ಸ್ಟೌ ಈಗ ದೇವರ ಮುಂದಿನ ನೀಲಾಂಜನದಷ್ಟು ಉರಿಯುತ್ತಿತ್ತು.

"ಗ್ಯಾಸ್ ಖಾಲಿ ಆತು ನೋಡ್ರಿ ಅಣ್ಣಾರ" ಅಂದ ಸ್ಟೌ ಮಾಲೀಕ.

ಖಾಲಿ ಆಗಿರಲಿಲ್ಲ. ಅರ್ಧಕ್ಕಿಂತ ಜಾಸ್ತಿ ಉಳಿದಿತ್ತು. ಅದು ನಮಗೆ ಖಚಿತವಾಗಿದ್ದು ಪುಣೆಗೆ ವಾಪಸ್ ಬಂದು, ಅಡುಗೆಮನೆಯ ತಕ್ಕಡಿಯ ಮೇಲೆ ಕ್ಯಾನ್ ಇಟ್ಟ ಮೇಲೆ. ಅಷ್ಟರಲ್ಲಿ ಒಂದು ಜಾಕೆಟ್ ಸುಟ್ಟಿತ್ತು, ಒಂದು ಲೀಟರ್ ನೀರು ಮಣ್ಣು ಪಾಲಾಗಿತ್ತು, ಸ್ಟೌ ಮಾರಿದವರಿಗೆ ಖಾರವಾದ ದೂರೂ ಹೋಗಿತ್ತು. ಆ ದೂರು ತಪ್ಪು ಅಂತ ಈಗ ಅನ್ನಿಸುತ್ತದೆ. ಆ ಬೆಳಗ್ಗೆ ಏನಾಯಿತು, ಯಾಕಾಯಿತು, ಆಮೇಲೆ ಏನು ಮಾಡಿ ನೋಡಿದೆವು ಅನ್ನುವುದನ್ನು ಇಲ್ಲಿ ಪೂರ್ತಿ ಬರೆಯುತ್ತೇನೆ. ಚಳಿಗಾಲದಲ್ಲಿ ಸಹ್ಯಾದ್ರಿಯ ಕಡೆ ಟೆಂಟ್ ಹಾಕುವವರು ಇದೇ ಸ್ಟೌ, ಇದೇ ಕ್ಯಾನ್ ಒಯ್ಯುತ್ತಾರೆ. ಅವರಲ್ಲಿ ಎಷ್ಟೋ ಜನ ಅರ್ಧ ತುಂಬಿದ ಕ್ಯಾನನ್ನು ಖಾಲಿ ಅಂತ ಎಸೆದು ಬಂದಿರಬೇಕು.

ಯಾರು, ಎಲ್ಲಿ

ನಾವು ಐದು ಜನ. ನಾನು, ನಮ್ಮಣ್ಣ, ವೈನಿ, ಅವರ ಹನ್ನೆರಡು ವರ್ಷದ ಮಗಳು, ಮತ್ತೆ ನನ್ನ ಆಫೀಸಿನ ಗೆಳೆಯ. ನಮ್ಮ ಮನೆ ಮೂಲ ಧಾರವಾಡ, ಈಗ ಕೋಥ್ರೂಡ್. ಗೆಳೆಯ ವಿಜಯಪುರದವ, ಹಿಂಜವಡಿಯಲ್ಲಿ ಕೆಲಸ, ವಾಕಡ್‌ನಲ್ಲಿ ಒಬ್ಬನೇ ಇರುತ್ತಾನೆ. ಸಾಮಾನು ಕೊಳ್ಳುವ ಚಟ ಅವನದು. ಟೆಂಟು, ಹೆಡ್‌ಲ್ಯಾಂಪು, ಸ್ಟೌ ಎಲ್ಲ ಅವನದೇ.

ಹರಿಶ್ಚಂದ್ರಗಡ ಅನ್ನುವ ಕೋಟೆ ಬೆಟ್ಟಕ್ಕೆ ತೋಲಾರ್ ಖಿಂಡಿಯ ಕಡೆಯಿಂದ ಹತ್ತುವವರು ಖಿರೇಶ್ವರಕ್ಕೆ ಬರಬೇಕು. ಪುಣೆಯಿಂದ ನಾಸಿಕ್ ರಸ್ತೆ ಹಿಡಿದು ನಾರಾಯಣಗಾವ್, ಆಳೇಫಾಟಾ. ಅಲ್ಲಿ ಎಡಕ್ಕೆ ಹೊರಳಿ ಓತೂರ್ ದಾಟಿ ಮಾಳಶೇಜ್ ಘಾಟಿನ ಕಡೆ ಹೋದರೆ ಖೂಬಿಫಾಟಾ. ಅಲ್ಲಿಂದ ಪಿಂಪಳಗಾವ್ ಜೋಗಾ ಅಣೆಕಟ್ಟಿನ ಪಕ್ಕದ ರಸ್ತೆ ಊರಿಗೆ ಮುಟ್ಟಿಸುತ್ತದೆ. ರಾತ್ರಿ ಊರಲ್ಲೇ ಒಬ್ಬ ರೈತರ ಹೊಲದಲ್ಲಿ ಟೆಂಟ್ ಹಾಕಿ, ಬೆಳಗ್ಗೆ ಚಹಾ ಕುಡಿದು ಹತ್ತುವುದು ಅಂತ ನಮ್ಮ ಲೆಕ್ಕ. ಜನವರಿ ಶುರುವಿನ ಶನಿವಾರ. ಪಕ್ಕದಲ್ಲೇ ಹಿನ್ನೀರು. ಹಗಲು ಅಂಗಿ ತೆಗೆಯುವಷ್ಟು ಬಿಸಿಲು, ರಾತ್ರಿ ಹಲ್ಲು ಕಡಿಯುವಷ್ಟು ಚಳಿ.

ಇನ್ನೊಂದು ಮಾತು. ಗೆಳೆಯ ಮೊದಲು ರೈಲಿನಲ್ಲಿ ಹೋಗಿ ಅಲ್ಲಿಂದ ಜೀಪು ಹಿಡಿಯುವ ಅಂದಿದ್ದ. ಗ್ಯಾಸ್ ಕ್ಯಾನ್ ಇಟ್ಟುಕೊಂಡು ರೈಲು ಹತ್ತುವ ಹಾಗಿಲ್ಲ. 1989ರ ರೈಲ್ವೆ ಕಾಯ್ದೆಯ 164ನೇ ಕಲಮಿನ ಪ್ರಕಾರ ಅದಕ್ಕೆ ಮೂರು ವರ್ಷದವರೆಗೆ ಜೈಲೂ ಆಗಬಹುದು. ವಿಮಾನದಲ್ಲಂತೂ ಕೈಚೀಲದಲ್ಲೂ ಇಲ್ಲ, ಲಗೇಜಿನಲ್ಲೂ ಇಲ್ಲ. "ಇಷ್ಟು ಸಣ್ಣ ಡಬ್ಬಿಗೆ ಯಾರು ಕೇಳ್ತಾರ" ಅಂತ ಅವನ ವಾದ. ಅಣ್ಣ ಸುಮ್ನೆ ಕಾರಿನ ಕೀಲಿ ತೆಗೆದುಕೊಂಡ.

ಸ್ಟೌ ಎಂಥದು

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಆಮೇಲೆ ಆದದ್ದೆಲ್ಲ ಇದರ ಮೇಲೇ ನಿಂತಿದೆ.

ಟ್ರೆಕ್ಕಿಂಗಿಗೆ ಬರುವ ಗ್ಯಾಸ್ ಸ್ಟೌಗಳಲ್ಲಿ ಎರಡು ಬಗೆ ಜಾಸ್ತಿ ಕಾಣುತ್ತವೆ. ಒಂದು, ಕ್ಯಾನಿನ ತಲೆ ಮೇಲೇ ತಿರುಚಿ ಕೂರಿಸುವ ಪುಟ್ಟ ಬರ್ನರ್. ನೂರು ಗ್ರಾಮಿನ ಆಸುಪಾಸು ತೂಕ, ಮಡಿಸಿದರೆ ಮುಷ್ಟಿಯಲ್ಲಿ ಅಡಗುತ್ತದೆ. ಇನ್ನೊಂದು, ನೆಲದ ಮೇಲೆ ಕಾಲು ಚಾಚಿ ಕೂರುವ ಬರ್ನರ್. ಅದಕ್ಕೆ ಒಂದು ಪೈಪು, ಪೈಪಿನ ತುದಿಗೆ ಕ್ಯಾನು. ನಮ್ಮದು ಎರಡನೆಯದು. ಐದು ಜನರ ಖಿಚಡಿಯ ಪಾತ್ರೆ ಅಲುಗಾಡದೆ ಕೂರಬೇಕಲ್ವಾ, ಹಾಗಾಗಿ ಗೆಳೆಯ ಸರಿಯಾದದ್ದನ್ನೇ ತಂದಿದ್ದ.

ಕ್ಯಾನಿನಲ್ಲೂ ಎರಡು ಬಗೆ. ಗಿಡ್ಡಗೆ ಗುಮ್ಮಟದ ಹಾಗಿರುವ, ಬಾಯಲ್ಲಿ ತಿರುಪಿನ ಸುತ್ತು ಇರುವ ಕ್ಯಾನು. ಅದರಲ್ಲಿ ಸಾಮಾನ್ಯವಾಗಿ ಐಸೋಬ್ಯೂಟೇನ್, ಪ್ರೋಪೇನ್ ಬೆರೆಸಿರುತ್ತಾರೆ. ಇನ್ನೊಂದು ಉದ್ದನೆಯದು, ಸೊಳ್ಳೆ ಸ್ಪ್ರೇ ಡಬ್ಬಿಯಂಥದ್ದು, ಮೇಜಿನ ಮೇಲಿಡುವ ಸ್ಟೌಗೆ ಹಾಕುವಂಥದ್ದು. ಅದರಲ್ಲಿ ಹೆಚ್ಚಾಗಿ ಬರೀ ಬ್ಯೂಟೇನ್. ಇದು ಅಗ್ಗ, ಎಲ್ಲ ಕಡೆ ಸಿಗುತ್ತದೆ. ಸ್ಟೌ ಇದ್ದದ್ದು ತಿರುಪಿನ ಕ್ಯಾನಿಗೆ. ಗೆಳೆಯ ಒಂದು ಅಡಾಪ್ಟರ್ ತಂದು ಉದ್ದ ಕ್ಯಾನನ್ನು ಅದಕ್ಕೆ ಜೋಡಿಸಿದ್ದ. ಕ್ಯಾನು ನೆಲದ ಮೇಲೆ ಅಡ್ಡ ಮಲಗುತ್ತದೆ.

ಅಡ್ಡ ಮಲಗಿಸುವಾಗ ಒಂದು ಸೂಕ್ಷ್ಮ ಇದೆ. ಉದ್ದ ಕ್ಯಾನಿನ ಬಾಯಿಯ ಅಂಚಿನಲ್ಲಿ ಒಂದು ಕಡೆ ಸಣ್ಣ ಕಚ್ಚು ಇರುತ್ತದೆ. ಆ ಕಚ್ಚು ಮೇಲ್ಗಡೆಯೇ ಇರಬೇಕು. ಒಳಗೊಂದು ಸೊಟ್ಟ ನಳಿಗೆ ಇದೆ. ಕಚ್ಚು ಮೇಲಿದ್ದರೆ ನಳಿಗೆಯ ತುದಿಯೂ ಮೇಲಿರುತ್ತದೆ, ಆವಿಯಾದ ಗ್ಯಾಸನ್ನಷ್ಟೇ ಎಳೆಯುತ್ತದೆ. ಕಚ್ಚು ಕೆಳಗಾದರೆ ನಳಿಗೆ ದ್ರವದಲ್ಲಿ ಮುಳುಗುತ್ತದೆ. ಆಗ ಬರ್ನರಿಗೆ ಹೋಗುವುದು ಗ್ಯಾಸಲ್ಲ, ದ್ರವ. ಇದು ಗೆಳೆಯನಿಗೆ ಗೊತ್ತಿತ್ತು, ಸಂಜೆ ಸರಿಯಾಗೇ ಇಟ್ಟಿದ್ದ. ಉಳಿದ ನಾಲ್ವರಿಗೆ ಗೊತ್ತಿರಲಿಲ್ಲ. ಅವನು ಹೇಳಲೂ ಇಲ್ಲ.

ಸಂಜೆ, ಮತ್ತೆ ಬೆಳಗ್ಗೆ

ಸಂಜೆ ಎಲ್ಲ ಸರಾಗ. ಆರು ಗಂಟೆಗೆ ಚಹಾ, ಏಳಕ್ಕೆ ಖಿಚಡಿ, ಮಲಗುವ ಮುಂಚೆ ಥರ್ಮಾಸಿಗೆ ಬಿಸಿನೀರು. ಗಾಳಿಗೆ ಮರೆಯಾಗಿ ಬರ್ನರಿನ ಸುತ್ತ ಮಡಚುವ ತಗಡು ನಿಲ್ಲಿಸಿದ್ದೆವು. ಪೈಪಿನ ಸ್ಟೌ ಆದ್ದರಿಂದ ಅದು ಸರಿ. ತಲೆ ಮೇಲೆ ಕೂರುವ ಸ್ಟೌಗೆ ಹೀಗೆ ಸುತ್ತಲೂ ತಗಡು ಕಟ್ಟಬಾರದು, ಬಿಸಿ ನೇರ ಕ್ಯಾನಿಗೆ ಬಡಿಯುತ್ತದೆ. 50 ಡಿಗ್ರಿ ಮೀರಬಾರದು ಅಂತ ಕ್ಯಾನಿನ ಮೇಲೇ ಬರೆದಿರುತ್ತದೆ. ಏಪ್ರಿಲ್‌ನಲ್ಲಿ ಪುಣೆಯ ಬಿಸಿಲಲ್ಲಿ ನಿಂತ ಕಾರಿನೊಳಗೂ ಅಷ್ಟು ಆಗಿಬಿಡುತ್ತದೆ. ಡಿಕ್ಕಿಯಲ್ಲಿ ಕ್ಯಾನ್ ಮರೆಯುವವರು ಗಮನಿಸಿ.

ಊಟ ಆಯಿತು. ಪಾತ್ರೆ ತೊಳೆಯುವುದು ಬೆಳಗ್ಗೆ ಅಂತ ಬಿಟ್ಟೆವು. ಸ್ಟೌ, ಕ್ಯಾನು ಎರಡೂ ಅಲ್ಲೇ ಕಲ್ಲಿನ ಮೇಲೆ ರಾತ್ರಿಯೆಲ್ಲ ಮಲಗಿದವು, ಇಬ್ಬನಿಯಲ್ಲಿ.

ಬೆಳಗ್ಗೆ ಹಚ್ಚಿದಾಗ ಮೊದಲ ಎರಡು ನಿಮಿಷ ಪರವಾಗಿಲ್ಲ ಅನ್ನುವ ಹಾಗೆ ಉರಿಯಿತು. ಆಮೇಲೆ ಉರಿ ಗಿಡ್ಡ ಆಗುತ್ತ ಹೋಯಿತು. ನಾಬ್ ಪೂರ್ತಿ ತಿರುಗಿಸಿದರೂ ಅಷ್ಟೇ. ಪೈಪ್ ಮಡಚಿದೆಯಾ ಅಂತ ನೋಡಿದೆವು, ಇಲ್ಲ. ವೈನಿ, "ಟೆಂಟಿನೊಳಗ ಹಚ್ಚೂನೇನು, ಗಾಳಿ ಇರೂದಿಲ್ಲ" ಅಂದರು. ಅದೊಂದು ಬೇಡ ಅಂದೆ. ಮುಚ್ಚಿದ ಟೆಂಟಿನಲ್ಲಿ ಸ್ಟೌ ಉರಿಸಿದರೆ ಕಾರ್ಬನ್ ಮೊನಾಕ್ಸೈಡ್ ತುಂಬುತ್ತದೆ. ಅದಕ್ಕೆ ಬಣ್ಣ ಇಲ್ಲ, ವಾಸನೆ ಇಲ್ಲ. ತಲೆ ಭಾರ ಅನ್ನಿಸುವ ಹೊತ್ತಿಗೆ ಏಳುವ ಶಕ್ತಿ ಇರುವುದಿಲ್ಲ. ಬೆಂಕಿ ಹತ್ತುವ ಭಯ ಬೇರೆ.

ಆಗಲೇ ಗೆಳೆಯ ಗ್ಯಾಸ್ ಖಾಲಿ ಅಂದದ್ದು. ಹುಡುಗಿ ಕ್ಯಾನಿನ ಪಕ್ಕ ಕುಕ್ಕರಗಾಲಲ್ಲಿ ಕೂತು ನೋಡುತ್ತಿದ್ದಳು. "ಕಾಕಾ, ಇಲ್ಲಿ ತನಕ ಒದ್ದಿ ಐತಿ, ಮ್ಯಾಲೆ ಒಣಾ ಐತಿ" ಅಂದಳು.

ಬಗ್ಗಿ ನೋಡಿದೆ. ಹೌದು. ಕ್ಯಾನಿನ ಕೆಳಗಿನ ಅರ್ಧ ಬೆವರಿದ ಹಾಗೆ ತೇವವಾಗಿತ್ತು, ಅಲ್ಲಲ್ಲಿ ಮಂಜಿನ ಬಿಳಿ ಪೊರೆ. ಮೇಲಿನ ಅರ್ಧ ಒಣಗಿತ್ತು. ನಡುವೆ ಸ್ಕೇಲಿಟ್ಟು ಎಳೆದಂಥ ಗೆರೆ. ಕೆಳಗಿನ ಭಾಗಕ್ಕೆ ಬೆರಳಿಟ್ಟರೆ ಫ್ರೀಜರಿನ ಟ್ರೇ ಮುಟ್ಟಿದ ಹಾಗೆ. ಆ ಗೆರೆಯೇ ಒಳಗಿನ ದ್ರವದ ಮಟ್ಟ ಅಂತ ಈಗ ಗೊತ್ತು. ಇಡೀ ಪ್ರಕರಣದ ಉತ್ತರ ಆ ಗೆರೆಯಲ್ಲೇ ಇತ್ತು. ಅವಳು ಬೆರಳಿಟ್ಟು ತೋರಿಸಿದ್ದಳು. ನಾವು ದೊಡ್ಡವರು, "ಹೌದಲ್ಲ" ಅಂದು ಸುಮ್ಮನಾದೆವು.

ಅಣ್ಣ ಸುಮ್ಮನಾಗಲಿಲ್ಲ. "ಐತೋ ಇಲ್ಲೋ ಅಳ್ಳಾಡಿಸಿ ನೋಡೂಣು" ಅಂದವನೇ ಕ್ಯಾನ್ ಎತ್ತಿದ. ಸ್ಟೌ ಉರಿಯುತ್ತಲೇ ಇತ್ತು. ಕಿವಿ ಹತ್ತಿರ ತಂದು ಅಲ್ಲಾಡಿಸಿದ. ಖಳಖಳ ಸಪ್ಪಳ ಚೆನ್ನಾಗೇ ಕೇಳಿಸಿತು. ಆದರೆ ಎತ್ತುವಾಗ ಕ್ಯಾನು ಅವನ ಕೈಯಲ್ಲಿ ಹೊರಳಿ ಕಚ್ಚು ಕೆಳಗಾಗಿತ್ತು.

ಮುಂದಿನದು ಮೂರು ಸೆಕೆಂಡಿನ ಮಾತು. ಬರ್ನರ್ ಒಮ್ಮೆ ಚಿಟಚಿಟ ಅಂದಿತು. ನೀಲಿ ಉರಿ ಹಳದಿಯಾಯಿತು, ಹಳದಿಯದು ಭಗ್ಗಂತ ಎದ್ದು ಬೋಗುಣಿಯನ್ನೇ ನುಂಗಿತು, ಎರಡಡಿ ಮೇಲೆ ಹೋಯಿತು. ಗಾಳಿಗೆ ಬಾಗಿ ಗೆಳೆಯನ ತೋಳಿನ ಕಡೆ ಬಂತು. ಅವನು ಹಿಂದಕ್ಕೆ ಬೀಳುವಾಗ ಕಾಲು ತಾಗಿ ಬೋಗುಣಿ ಉರುಳಿತು. ಅಣ್ಣ ಕ್ಯಾನ್ ಹಿಡಿದು ಕಲ್ಲಿನ ಹಾಗೆ ಕೂತಿದ್ದ. ನಾಬ್ ಇರುವುದು ಕ್ಯಾನಿನ ಕಡೆ, ಅವನ ಕೈಯ ಪಕ್ಕದಲ್ಲೇ. ವೈನಿ ಬಗ್ಗಿ ತಿರುಗಿಸಿದರು. ಪೈಪಿನಲ್ಲಿ ಉಳಿದಿದ್ದು ಉರಿದು ಮುಗಿಯುವವರೆಗೆ ಬೆಂಕಿ ಇನ್ನೂ ಒಂದಷ್ಟು ಹೊತ್ತು ಕುಣಿಯಿತು. ಆಮೇಲೆ ಆರಿತು.

ಯಾರಿಗೂ ಏನೂ ಆಗಲಿಲ್ಲ. ಗೆಳೆಯನ ಜಾಕೆಟ್ ತೋಳಿನಲ್ಲಿ ಐದು ರೂಪಾಯಿ ನಾಣ್ಯದಷ್ಟು ತೂತು, ಅಂಚು ಕರಗಿ ಗಟ್ಟಿಯಾಗಿತ್ತು. ಹೊಲದ ಮನೆಯ ಮೌಶಿ ಗದ್ದಲ ಕೇಳಿ ಹೊರಗೆ ಬಂದರು. ನಮ್ಮನ್ನೂ ಸ್ಟೌವನ್ನೂ ಒಂದು ಸಲ ನೋಡಿ ಏನೂ ಕೇಳದೆ ಒಳಗೆ ಹೋದರು. ಹತ್ತು ನಿಮಿಷದಲ್ಲಿ ಕಟ್ಟಿಗೆ ಒಲೆಯ ಚಹಾ ಬಂತು. ಬೆಲ್ಲ ಹಾಕಿದ್ದು, ಹೊಗೆ ವಾಸನೆಯದು. ಅಷ್ಟು ರುಚಿಯ ಚಹಾ ಕುಡಿದು ಎಷ್ಟು ದಿನ ಆಗಿತ್ತೋ.

ಗಡ ಹತ್ತಿದೆವು, ಇಳಿದೆವು. ಅದು ಬೇರೆ ಕಥೆ.

ಮೊದಲ ಅನುಮಾನಗಳು

ವಾಪಸ್ ಬರುವಾಗ ಆಳೇಫಾಟಾ ದಾಟುವ ಮೊದಲೇ ಗೆಳೆಯ ಮೊಬೈಲಿನಲ್ಲಿ ದೂರು ಬರೆದು ಮುಗಿಸಿದ್ದ. ಸ್ಟೌ ಕೆಟ್ಟದ್ದು, ಅಪಾಯಕಾರಿ, ದುಡ್ಡು ವಾಪಸ್ ಕೊಡಿ. ಆಗ ನಮ್ಮೆಲ್ಲರ ಅಭಿಪ್ರಾಯವೂ ಅದೇ.

ಮನೆಗೆ ಬಂದು ಕ್ಯಾನ್ ತೂಗಿದೆ. 231 ಗ್ರಾಂ. ಅದೇ ಕಂಪನಿಯ ಹೊಸ ಕ್ಯಾನು 325 ತೂಗಿತು. ಅದರ ಮೇಲೆ ಬರೆದ ಗ್ಯಾಸಿನ ತೂಕ 220. ಅಂದರೆ ಖಾಲಿ ಡಬ್ಬಿ 105. ಲೆಕ್ಕ ಹಾಕಿದರೆ ನಮ್ಮ ಕ್ಯಾನಿನಲ್ಲಿ 126 ಗ್ರಾಂ ಉಳಿದಿತ್ತು. ಖರ್ಚಾಗಿದ್ದು 94 ಮಾತ್ರ.

126 ಗ್ರಾಂ ಅಂದರೆ ಎಷ್ಟು? ಒಂದು ಲೀಟರ್ ನೀರನ್ನು 20 ಡಿಗ್ರಿಯಿಂದ ಕುದಿಯುವ ತನಕ ತರಲು ಸುಮಾರು 335 ಕಿಲೋಜೂಲ್ ಬೇಕು. ಬ್ಯೂಟೇನ್ ಒಂದು ಗ್ರಾಮಿಗೆ 45 ಕಿಲೋಜೂಲಿನ ಮೇಲೆ ಕೊಡುತ್ತದೆ. ಅರ್ಧ ಬಿಸಿ ಪಾತ್ರೆಯ ಪಕ್ಕದಿಂದ ಗಾಳಿಗೆ ಹೋಯಿತು ಅಂತ ಹಿಡಿದರೂ ಲೀಟರಿಗೆ 15 ಗ್ರಾಂ. ಎಂಟು ಲೀಟರ್ ನೀರು ಕುದಿಸುವಷ್ಟು ಗ್ಯಾಸ್ ಪಕ್ಕದಲ್ಲಿಟ್ಟುಕೊಂಡು ಒಂದು ಲೀಟರಿಗೆ ಗೋಳಾಡಿದ್ದೆವು.

ಹಾಗಾದರೆ ಸ್ಟೌನಲ್ಲೇ ಏನೋ ಇರಬೇಕು ಅಂತ ಗೆಳೆಯನ ಹಟ. ಜೆಟ್, ಅಂದರೆ ಬರ್ನರಿಗೆ ಗ್ಯಾಸ್ ಚಿಮ್ಮುವ ತೂತು, ಕಟ್ಟಿರಬಹುದು. ಆ ತೂತು ಸೂಜಿಮೊನೆಗಿಂತ ಸಣ್ಣದು, ಒಂದು ಕಾಳು ಧೂಳು ಸಾಕು. ಇಲ್ಲ, ವಾಷರ್ ಸವೆದು ಗ್ಯಾಸ್ ಸೋರುತ್ತಿರಬಹುದು. ಸೋಪಿನ ನೀರು ಹಚ್ಚಿ ನೋಡಿದೆವು, ಒಂದು ಗುಳ್ಳೆಯೂ ಏಳಲಿಲ್ಲ. ಮನೆಯ ಬಾಲ್ಕನಿಯಲ್ಲಿ ಅದೇ ಸ್ಟೌ, ಅದೇ ಕ್ಯಾನು ಹಚ್ಚಿದರೆ ಸಂಜೆಯ ಹಾಗೇ ಭುಸುಗುಟ್ಟಿತು. ಜೆಟ್ ಕಟ್ಟಿದ್ದರೆ ಕಾರಿನ ಪ್ರಯಾಣದಲ್ಲಿ ತಾನೇ ಬಿಟ್ಟುಕೊಳ್ಳುವುದಿಲ್ಲವಲ್ಲ. ನಡುವೆ ಬದಲಾಗಿದ್ದು ಒಂದೇ, ಹವೆ.

ಭಟ್ರ ಅಡುಗೆಮನೆ

ಇದನ್ನು ಬಿಡಿಸಿ ಹೇಳಿದವರು ನಮ್ಮ ಏರಿಯಾದ ಉಡುಪಿ ಹೋಟೆಲಿನ ಭಟ್ರು. ಪುಣೆಗೆ ಬಂದು ಮೂವತ್ತು ವರ್ಷ ಆಗಿದೆ, ಮಾತು ಇನ್ನೂ ಕುಂದಾಪುರದ ಕಡೆಯದೇ. ಭಾನುವಾರ ದೋಸೆಗೆ ಹೋದಾಗ ಕಥೆ ಹೇಳಿದೆ. "ಸ್ಟೌಗೆ ಯಾಕೆ ಬೈತೀರಿ ಮಾರಾಯ್ರೆ, ಇಲ್ಲಿ ಬನ್ನಿ" ಅಂತ ಹಿಂದೆ ಕರೆದುಕೊಂಡು ಹೋದರು.

ಹಿಂದಿನ ಅಂಗಳದಲ್ಲಿ 19 ಕಿಲೋದ ನಾಲ್ಕು ಸಿಲಿಂಡರ್ ಒಂದೇ ಪೈಪಿಗೆ ಜೋಡಿಸಿ ನಿಲ್ಲಿಸಿದ್ದರು. ಬೆಳಗಿನ ಗಿರಾಕಿ ಜೋರಾಗಿದ್ದ ಹೊತ್ತು. ನಾಲ್ಕರ ಕೆಳಭಾಗವೂ ಬೆವರಿತ್ತು. ಅದೇ ಗೆರೆ.

"ಮೊದಲು ಎರಡೇ ಇತ್ತು. ಚಳಿಗಾಲ ಬಂತೂಂದ್ರೆ ಹತ್ತು ಗಂಟೆಗೆ ಹೊರಗೆ ಐಸು ಹಿಡಿಯೂದು, ದೋಸೆಕಲ್ಲು ತಣ್ಣಗೆ. ಹುಡುಗರು ಸಿಲಿಂಡರ್ ಖಾಲಿ ಅಂತ ಬದಲು ಮಾಡೂದು. ಏಜೆನ್ಸಿಯವ ಎತ್ತಿ ನೋಡಿ ಇನ್ನೂ ಭಾರ ಉಂಟಲ್ಲ ಅಂತ ನಗಾಡೂದು. ಒಂದೇ ದನದಿಂದ ಇಡೀ ಊರಿಗೆ ಹಾಲು ಕರೆದರೆ ಹೇಗೆ? ನಾಲ್ಕು ಕಟ್ಟಿದ ಮೇಲೆ ಸರಿಯಾಯ್ತು."

ಭಟ್ರ ಸಿಲಿಂಡರಿನಲ್ಲೂ ನಮ್ಮ ಕ್ಯಾನಿನಲ್ಲೂ ನಡೆಯುವುದು ಒಂದೇ. ಒಳಗಿರುವುದು ದ್ರವ. ಉರಿಯುವುದು ಅದರ ಆವಿ. ದ್ರವ ಆವಿಯಾಗಲು ಶಾಖ ಬೇಕು. ಆ ಶಾಖವನ್ನು ಅದು ತನ್ನಿಂದ, ಡಬ್ಬಿಯಿಂದ, ಸುತ್ತಲ ಗಾಳಿಯಿಂದ ಎಳೆದುಕೊಳ್ಳುತ್ತದೆ. ಸ್ನಾನ ಮಾಡಿ ಒರೆಸಿಕೊಳ್ಳದೆ ಫ್ಯಾನಿನ ಕೆಳಗೆ ನಿಂತರೆ ಚಳಿ ಆಗುತ್ತದಲ್ವಾ, ಹಾಗೇ. ಎಷ್ಟು ಜೋರಾಗಿ ಉರಿಸುತ್ತೇವೋ ಅಷ್ಟು ಬೇಗ ಕ್ಯಾನು ತಣ್ಣಗಾಗುತ್ತದೆ.

ನಮ್ಮ ಕ್ಯಾನಿನ ಲೆಕ್ಕ ಹಾಕಿ ನೋಡಿದೆ. ಜೋರು ಉರಿಯಲ್ಲಿ ನಿಮಿಷಕ್ಕೆ ಸುಮಾರು 3 ಗ್ರಾಂ ಗ್ಯಾಸ್ ಖರ್ಚು. ಅಷ್ಟು ಆವಿಯಾಗಲು 1,100 ಜೂಲಿನಷ್ಟು ಶಾಖ ಬೇಕು. ಹೊರಗಿನಿಂದ ಏನೂ ಸಿಗದಿದ್ದರೆ, ಅರ್ಧ ತುಂಬಿದ ಕ್ಯಾನು ನಿಮಿಷಕ್ಕೆ ಎರಡೂವರೆ ಮೂರು ಡಿಗ್ರಿ ಇಳಿಯುತ್ತದೆ. ಸಂಜೆ ಶುರುವಾಗಿದ್ದು ಇಪ್ಪತ್ತರ ಆಸುಪಾಸಿನಿಂದ, ಕ್ಯಾನೂ ತುಂಬಿತ್ತು, ಇಳಿಯಲು ಜಾಗ ಇತ್ತು. ಬೆಳಗ್ಗೆ ಶುರುವಾಗಿದ್ದೇ ಏಳರಿಂದ.

ಬ್ಯೂಟೇನ್ ಕುದಿಯುವ ಬಿಂದು ಸೊನ್ನೆಗಿಂತ ಅರ್ಧ ಡಿಗ್ರಿ ಕೆಳಗೆ. ಅಲ್ಲಿಗೆ ಮುಟ್ಟಿದರೆ ಒಳಗಿನ ಒತ್ತಡವೂ ಹೊರಗಿನ ಗಾಳಿಯ ಒತ್ತಡವೂ ಹತ್ತಿರ ಹತ್ತಿರ ಒಂದೇ. ಗ್ಯಾಸನ್ನು ಹೊರಗೆ ತಳ್ಳುವವರೇ ಇಲ್ಲ. 20 ಡಿಗ್ರಿಯಲ್ಲಿ ತಳ್ಳುವ ಬಲಕ್ಕೆ ಹೋಲಿಸಿದರೆ 7 ಡಿಗ್ರಿಯಲ್ಲಿ ಉಳಿಯುವುದು ಮೂರರಲ್ಲಿ ಒಂದು ಪಾಲು, ಸೊನ್ನೆಯಲ್ಲಿ ಹತ್ತರಲ್ಲಿ ಒಂದು ಪಾಲು. ಉರಿ ಸಣ್ಣದಾದಾಗ ಕ್ಯಾನು ತಣ್ಣಗಾಗುವುದೂ ನಿಧಾನ ಆಗುತ್ತದೆ, ಹಾಗಾಗಿ ಪೂರ್ತಿ ಆರುವುದಿಲ್ಲ. ನೀಲಾಂಜನದಂತೆ ಉರಿಯುತ್ತಲೇ ಇರುತ್ತದೆ. ನೋಡಿದವರಿಗೆ ಮುಗಿಯುತ್ತ ಬಂದ ಗ್ಯಾಸಿನ ಹಾಗೇ ಕಾಣುತ್ತದೆ. ಮೋಸ ಹೋಗುವುದು ಇಲ್ಲೇ.

ಇಬ್ಬನಿಯ ಕಲ್ಲಿನ ಮೇಲೆ ರಾತ್ರಿಯೆಲ್ಲ ಬಿಟ್ಟದ್ದು ನಮ್ಮ ಮೊದಲ ತಪ್ಪು. ಬಯಲಿನಲ್ಲಿ ಬಿದ್ದ ತಗಡು ಗಾಳಿಗಿಂತಲೂ ಜಾಸ್ತಿ ತಣ್ಣಗಾಗಿರುತ್ತದೆ. ಇಬ್ಬನಿ ಕೂರುವುದೇ ಅದಕ್ಕೆ.

"ಮನೆ ಸಿಲಿಂಡರ್ ಹೀಂಗ್ಯಾಕ ಮಾಡೂದಿಲ್ಲ?" ಅಂತ ವೈನಿ ಕೇಳಿದರು. ಒಳ್ಳೇ ಪ್ರಶ್ನೆ. ಮನೆಯ 14.2 ಕಿಲೋದ ಸಿಲಿಂಡರಿನಲ್ಲಿ ಬ್ಯೂಟೇನ್ ಜೊತೆ ಪ್ರೋಪೇನ್ ಇದೆ. ಪ್ರೋಪೇನ್ ಕುದಿಯುವುದು ಸೊನ್ನೆಗಿಂತ 42 ಡಿಗ್ರಿ ಕೆಳಗೆ. ಅದಕ್ಕೆ ಪುಣೆಯ ಚಳಿ ಯಾವ ಲೆಕ್ಕ. ಜೊತೆಗೆ ಸಿಲಿಂಡರ್ ದೊಡ್ಡದು, ಉರಿ ಸಣ್ಣದು. ಆದರೆ ಪ್ರೋಪೇನಿಗೆ ಒತ್ತಡ ಜಾಸ್ತಿ. ದಪ್ಪ ಉಕ್ಕಿನ ಸಿಲಿಂಡರ್ ಅದನ್ನು ತಡೆಯುತ್ತದೆ. ನಮ್ಮ ಉದ್ದ ಕ್ಯಾನಿನ ತೆಳ್ಳನೆ ತಗಡಿನ ಕೈಲಿ ಅದಾಗುವ ಮಾತಲ್ಲ. ಟ್ರೆಕ್ಕಿಂಗ್ ಕ್ಯಾನಿನಲ್ಲೂ ಅದನ್ನು ಸ್ವಲ್ಪವೇ ಬೆರೆಸುತ್ತಾರೆ.

ಟೆರೇಸಿನ ಪರೀಕ್ಷೆ

ಗೆಳೆಯ ಒಪ್ಪಲಿಲ್ಲ. "ಲೆಕ್ಕ ಎಲ್ಲಾ ಬರೋಬ್ಬರಿ, ಆದ್ರ ಉರಿ ನನಗ ಕಣ್ಣಿಲೆ ಕಾಣಬೇಕು" ಅಂದ. ಕ್ಯಾನನ್ನು ಫ್ರಿಜ್ಜಿನಲ್ಲಿಡುವ ಅಂತ ಅವನ ಐಡಿಯಾ. ಅದು ಬೇಡ. ಒಂದು ವೇಳೆ ಸೋರಿದರೆ ಮುಚ್ಚಿದ ಪೆಟ್ಟಿಗೆಯಲ್ಲಿ ಗ್ಯಾಸ್ ತುಂಬಿ, ಒಳಗಿನ ಸ್ವಿಚ್ಚಿನ ಒಂದು ಕಿಡಿ ಸಾಕು. ಬದಲಿಗೆ ಟೆರೇಸಿನಲ್ಲಿ ಬಯಲಲ್ಲೇ ಮಾಡಿದೆವು. ದೊಡ್ಡ ಪರಾತ, ಅದರಲ್ಲಿ ನೀರು ಮತ್ತೆ ಐಸು. ಈ ಸಲ ಕ್ಯಾನಿನ ಕಚ್ಚಿನ ಪಕ್ಕ ಹುಡುಗಿಯ ಕೆಂಪು ನೇಲ್ ಪಾಲಿಶಿನಿಂದ ಒಂದು ಬೊಟ್ಟು ಇಟ್ಟೆವು. ಬೊಟ್ಟು ಯಾವಾಗಲೂ ಆಕಾಶ ನೋಡಬೇಕು.

ಮೊದಲು ಹಾಗೇ, ಐಸಿಲ್ಲದೆ. ಟೆರೇಸಿನಲ್ಲಿ 22 ಡಿಗ್ರಿ. ಒಂದು ಲೀಟರ್ ನೀರು ಐದೂವರೆ ನಿಮಿಷದಲ್ಲಿ ಕುದಿಯಿತು. 16 ಗ್ರಾಂ ಖರ್ಚು.

ಆಮೇಲೆ ಕ್ಯಾನನ್ನು ಐಸ್ ನೀರಲ್ಲಿ ಇಪ್ಪತ್ತು ನಿಮಿಷ ಮಲಗಿಸಿ, ಅಲ್ಲಿರುವಾಗಲೇ ಹಚ್ಚಿದೆವು. ಖಿರೇಶ್ವರ ಟೆರೇಸಿಗೆ ಬಂದುಬಿಟ್ಟಿತು. ಅದೇ ಗಿಡ್ಡ ಉರಿ, ಅದೇ ನಾಲ್ಕು ಗುಳ್ಳೆ. ಹನ್ನೆರಡು ನಿಮಿಷ ಕಾದರೂ ನೀರು ಕುದಿಯಲಿಲ್ಲ. ಗೆಳೆಯ ಕೈಕಟ್ಟಿ ನೋಡುತ್ತ ನಿಂತಿದ್ದ.

ವೈನಿ ಅಡುಗೆಮನೆಯಿಂದ ಊಟದ ಸ್ಟೀಲ್ ತಾಟು ತಂದರು. ಅದರಲ್ಲಿ ಎರಡು ಬೆರಳು ನಲ್ಲಿ ನೀರು. ಸ್ಟೌ ಆರಿಸಿ, ಕ್ಯಾನನ್ನು ಐಸಿನಿಂದ ತೆಗೆದು, ಬೊಟ್ಟು ಮೇಲೆ ಬರುವ ಹಾಗೆ ತಾಟಿನಲ್ಲಿ ಮಲಗಿಸಿ ಮತ್ತೆ ಹಚ್ಚಿದೆವು. ಒಂದೆರಡು ನಿಮಿಷಕ್ಕೆ ಉರಿ ಎದ್ದು ನಿಂತಿತು. ಕಣ್ಣೆದುರೇ, ಯಾರೋ ನಾಬ್ ತಿರುಗಿಸಿದ ಹಾಗೆ. ಬಿಸಿನೀರಲ್ಲ, ಬರೀ ನಲ್ಲಿ ನೀರು. ಗಾಳಿಗಿಂತ ನೀರು ಶಾಖವನ್ನು ಎಷ್ಟೋ ಪಟ್ಟು ಬೇಗ ತಗಡಿಗೆ ದಾಟಿಸುತ್ತದೆ. ಅಷ್ಟೇ ಇದರ ಗುಟ್ಟು.

ತೂಗುವಾಗ ನಾನೊಂದು ಪೆದ್ದುತನ ಮಾಡಿದೆ. ಒದ್ದೆ ಕ್ಯಾನನ್ನು ಹಾಗೇ ತಕ್ಕಡಿ ಮೇಲಿಟ್ಟೆ. ಉರಿಸಿದ ಮೇಲೆ ತೂಕ ಜಾಸ್ತಿ ಬಂತು! ಕ್ಯಾನಿನ ತಳದ ಗುಳಿಯಲ್ಲಿ ನೀರು ನಿಂತಿತ್ತು. ಒರೆಸಿ ತೂಗಬೇಕು.

ಎರಡನೇ ಸಲ

ಮೂರು ವಾರ ಬಿಟ್ಟು ಅದೇ ಹೊಲಕ್ಕೆ ಹೋದೆವು. ಅದೇ ಸ್ಟೌ, ಅದೇ ಬಗೆಯ ಅಗ್ಗದ ಕ್ಯಾನು. ಬೆಳಗ್ಗೆ 9 ಡಿಗ್ರಿ ಇತ್ತು, ಹೋದ ಸಲಕ್ಕಿಂತ ಸ್ವಲ್ಪ ಬೆಚ್ಚಗೆ. ರಾತ್ರಿ ಸ್ಟೌನಿಂದ ಕ್ಯಾನನ್ನು ಬಿಚ್ಚಿ, ಮುಚ್ಚಳ ಹಾಕಿ, ಸ್ವೆಟರಿನಲ್ಲಿ ಸುತ್ತಿ ಬ್ಯಾಗಿನ ನಡುವೆ ಇಟ್ಟಿದ್ದೆವು. ಬೆಳಗ್ಗೆ ತಾಟಿನಲ್ಲಿ ಎರಡು ಬೆರಳು ನೀರು, ಅದಕ್ಕೆ ಥರ್ಮಾಸಿನದು ಅರ್ಧ ಲೋಟ ಬೆರೆಸಿ ಕೈಗೆ ಉಗುರುಬೆಚ್ಚಗೆ ಆಗುವಷ್ಟು ಮಾಡಿದೆವು. ಅದಕ್ಕಿಂತ ಬಿಸಿ ಮಾಡಬಾರದು. ಕೈಯಿಟ್ಟರೆ ಹಿತ ಅನ್ನಿಸಬೇಕು, ಚುರುಕು ಅನ್ನಿಸಿದರೆ ಜಾಸ್ತಿಯಾಯಿತು. ಕೆಲವರು ಕ್ಯಾನಿಗೆ ಲೈಟರ್ ಹಿಡಿಯುತ್ತಾರೆ, ಇನ್ನು ಕೆಲವರು ಶೇಗಡಿಯ ಪಕ್ಕ ಇಡುತ್ತಾರೆ. ಅದನ್ನು ನೋಡಿದರೆ ನಾನು ಎದ್ದು ಹೋಗುತ್ತೇನೆ.

ಲೀಟರ್ ನೀರು ಏಳು ನಿಮಿಷಕ್ಕೆ ಕುದಿಯಿತು. ಈ ಸಲ ಚಹಾ ಮೌಶಿಗೆ ನಾವು ಕೊಟ್ಟೆವು. ಒಂದು ಗುಟುಕು ಕುಡಿದು "ಸಕ್ಕರೆ ಕಮ್ಮಿ" ಅಂದರು ಮರಾಠಿಯಲ್ಲಿ.

ಬೆರಕೆ ಗ್ಯಾಸಿನ ಕ್ಯಾನೇ ತರಬಹುದಿತ್ತಲ್ಲ ಅಂತ ಕೇಳುವವರಿದ್ದಾರೆ. ತರಬಹುದು. ಐಸೋಬ್ಯೂಟೇನ್ ಕುದಿಯುವುದು ಸೊನ್ನೆಗಿಂತ ಸುಮಾರು 12 ಡಿಗ್ರಿ ಕೆಳಗೆ, ಪ್ರೋಪೇನ್ ಅದಕ್ಕಿಂತ ಎಷ್ಟೋ ಕೆಳಗೆ. ಹಿಮಾಲಯಕ್ಕೆ ಹೋಗುವವರು ಅದನ್ನೇ ಒಯ್ಯಬೇಕು, ಅದೂ ಅಲ್ಲೇ ಹೋಗಿ ಕೊಳ್ಳಬೇಕು. ಅದರಲ್ಲೂ ಒಂದು ತೊಡಕಿದೆ. ಪ್ರೋಪೇನ್ ಬೇಗ ಆವಿಯಾಗುವುದರಿಂದ ಮೊದಲು ಅದೇ ಜಾಸ್ತಿ ಖರ್ಚಾಗುತ್ತದೆ. ಕ್ಯಾನಿನ ಕೊನೆಯ ಕಾಲುಭಾಗ ಚಳಿಯಲ್ಲಿ ಮತ್ತೆ ಮಂಕಾಗುತ್ತದೆ. ಇದಕ್ಕಂತಲೇ ಕೆಲವು ಪೈಪಿನ ಸ್ಟೌಗಳಲ್ಲಿ ಉರಿಯ ಮೂಲಕವೇ ಹಾದುಹೋಗುವ ಲೋಹದ ನಳಿಗೆ ಇರುತ್ತದೆ. ಅಲ್ಲಿ ದ್ರವ ಕಾದು ಆವಿಯಾಗುತ್ತದೆ, ಹಾಗಾಗಿ ಕ್ಯಾನನ್ನು ಬೇಕಂತಲೇ ತಲೆಕೆಳಗೆ ಮಾಡಿ ಉರಿಸುತ್ತಾರೆ. ಆ ನಳಿಗೆ ಇಲ್ಲದ ಸ್ಟೌನಲ್ಲಿ ತಲೆಕೆಳಗೆ ಮಾಡಿದರೆ ಏನಾಗುತ್ತದೆ ಅಂತ ನಮ್ಮಣ್ಣನನ್ನು ಕೇಳಿ.

ಪುಣೆ ಸುತ್ತಮುತ್ತಲ ಚಳಿಗೆ ಬೆರಕೆ ಕ್ಯಾನಿನ ದುಡ್ಡು ದಂಡ ಅಂತಲೇ ನನ್ನ ಅಭಿಪ್ರಾಯ. ಹತ್ತು ಡಿಗ್ರಿಗಿಂತ ಕೆಳಗಿಳಿಯುವ ಬೆಳಗು ಇಲ್ಲಿ ವರ್ಷಕ್ಕೆ ಎಷ್ಟು ಬಂದಾವು? ತಾಟಿನ ನೀರು ಸಾಕು. ಅಣ್ಣ ಇದನ್ನು ಒಪ್ಪುವುದಿಲ್ಲ. ಮಗಳು ಜೊತೆಗಿರುವಾಗ ಅಡಾಪ್ಟರೇ ಬೇಡ, ಸ್ಟೌಗೆ ಅಂತಲೇ ಇರುವ ತಿರುಪಿನ ಕ್ಯಾನು ತರುತ್ತೇನೆ ಅನ್ನುತ್ತಾನೆ. ಅದನ್ನು ನೆಟ್ಟಗೆ ನಿಲ್ಲಿಸಿ ಉರಿಸುತ್ತಾರೆ, ಕಚ್ಚು ಮೇಲಾ ಕೆಳಗಾ ಅನ್ನುವ ತಲೆನೋವಿಲ್ಲ ಅನ್ನುವುದು ಅವನ ಮಾತು. ಆ ಮಾತಿಗೆ ನನ್ನ ಹತ್ತಿರ ಉತ್ತರ ಇಲ್ಲ.

ದೂರಿನ ಕಥೆ ಬಾಕಿ ಇತ್ತು. ಟೆರೇಸಿನ ಪರೀಕ್ಷೆ ಆದ ಮರುದಿನವೇ ಮಾರಿದವರ ಉತ್ತರ ಬಂತು. ದುಡ್ಡು ವಾಪಸ್ ಕೊಡುತ್ತೇವೆ, ಸ್ಟೌ ಒಯ್ಯಲು ಹುಡುಗ ಬರುತ್ತಾನೆ. ಹುಡುಗ ವಾಕಡ್‌ನ ನಾಲ್ಕನೇ ಮಹಡಿ ಹತ್ತಿ ಬಂದ. ಲಿಫ್ಟ್ ಕೆಟ್ಟಿತ್ತು. ಗೆಳೆಯ ಬಾಗಿಲಲ್ಲೇ ನಿಂತು ಕ್ಷಮೆ ಕೇಳಿ, ನೀರು ಕೊಟ್ಟು, ರಿಟರ್ನ್ ಕ್ಯಾನ್ಸಲ್ ಮಾಡಿದನಂತೆ. ಸ್ಟೌ ಈಗಲೂ ಅವನ ಬ್ಯಾಗಿನಲ್ಲಿದೆ. ಜೊತೆಗೆ ವೈನಿಯ ತಾಟೂ ಇದೆ. ಆರು ತಾಟಿನ ಸೆಟ್ಟಿನಲ್ಲಿ ಒಂದು ಕಮ್ಮಿ ಅಂತ ಅವರು ಪ್ರತಿ ಹಬ್ಬಕ್ಕೂ ಕೇಳುತ್ತಾರೆ. "ಮುಂದಿನ ಟ್ರಿಪ್ ಆದ ಮ್ಯಾಲೆ ಕೊಡ್ತೀನ್ರಿ ವೈನಿ" ಅನ್ನುತ್ತಾನೆ ಅವನು.